ಅಡ್ಮಿನ್ ಹಕ್ಕಿಲ್ಲದ ಕಂಪ್ಯೂಟರಿನಲ್ಲಿ ಐಪಿವೈಎಂಪಿಎಲ್: ಇನ್‌ಸ್ಟಾಲ್ ಆಯಿತು ಅನ್ನುತ್ತದೆ, ಗ್ರಾಫ್ ಮಾತ್ರ ಬರುವುದಿಲ್ಲ

ಚುಕ್ಕಿಗೆರೆ (ಪ್ರಶ್ನೆ)

ಕಚೇರಿಯ ಕಂಪ್ಯೂಟರ್, ವಿಂಡೋಸ್ 10. ಪೈಥಾನ್ 3.9 ಮತ್ತು ಜುಪಿಟರ್‌ಲ್ಯಾಬ್ 3.2 (ಬ್ರೌಸರಿನಲ್ಲಿ ಪೈಥಾನ್ ನೋಟ್‌ಬುಕ್ ತೆರೆಯುವ ತಂತ್ರಾಂಶ) ಎರಡೂ ಪ್ರೋಗ್ರಾಮ್ ಫೈಲ್ಸ್ ಒಳಗಿವೆ, ಐಟಿ ವಿಭಾಗದವರು ಹಾಕಿಕೊಟ್ಟದ್ದು. ಅಡ್ಮಿನ್ ಪಾಸ್‌ವರ್ಡ್ ಇಲ್ಲ, ಸಿಗುವುದೂ ಇಲ್ಲ. ಸೆನ್ಸರ್ ಡೇಟಾ ನೋಡಬೇಕು. ಒಂದೊಂದು ಫೈಲಿನಲ್ಲಿ ಸುಮಾರು 2 ಲಕ್ಷ ಸಾಲು. ಇನ್‌ಲೈನ್ (ಸ್ಥಿರ) ಚಿತ್ರದಲ್ಲಿ ಬರೀ ನೀಲಿ ಪಟ್ಟಿ ಕಾಣುತ್ತದೆ. ನೋಟ್‌ಬುಕ್ ಒಳಗೇ ಹಿಗ್ಗಿಸಿ, ಸರಿಸಿ ನೋಡುವ ಹಾಗಾಗಬೇಕು. ಅದಕ್ಕೇ ಐಪಿವೈಎಂಪಿಎಲ್, ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಪೈಥಾನ್ ಗ್ರಾಫ್ ಲೈಬ್ರರಿಗೆ ಈ ಸೌಲಭ್ಯ ಕೊಡುವ ಪ್ಯಾಕೇಜ್.

ಕಮಾಂಡ್, ಎರರ್ ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಹೊಡೆಯುವುದು ಇಂಗ್ಲಿಷ್ ಅಕ್ಷರದಲ್ಲೇ ಅಂತ ಬೇರೆ ಹೇಳಬೇಕಿಲ್ಲ.

ಇಲ್ಲಿಯವರೆಗೆ ಮಾಡಿದ್ದು:

`ಪಿಪ್ ಇನ್‌ಸ್ಟಾಲ್ ಐಪಿವೈಎಂಪಿಎಲ್` ಕೊಟ್ಟೆ (ಪಿಪ್ ಅಂದರೆ ಪೈಥಾನ್ ಪ್ಯಾಕೇಜ್ ಹಾಕುವ ಸಾಧನ). ಮೊದಲ ಸಾಲಿನಲ್ಲಿ "ಡಿಫಾಲ್ಟಿಂಗ್ ಟು ಯೂಸರ್ ಇನ್‌ಸ್ಟಾಲೇಶನ್", ಕೊನೆಯಲ್ಲಿ "ಸಕ್ಸೆಸ್‌ಫುಲಿ ಇನ್‌ಸ್ಟಾಲ್ಡ್".

ನೋಟ್‌ಬುಕ್ಕಿನಲ್ಲಿ `%ಮ್ಯಾಟ್‌ಪ್ಲಾಟ್‌ಲಿಬ್ ವಿಜೆಟ್` ಹಾಕಿ ಪ್ಲಾಟ್ ಮಾಡಿದರೆ: "ಫೇಲ್ಡ್ ಟು ಲೋಡ್ ಮಾಡೆಲ್ ಕ್ಲಾಸ್ ಎಂಪಿಎಲ್‌ಕ್ಯಾನ್ವಾಸ್‌ಮಾಡೆಲ್ ಫ್ರಂ ಮಾಡ್ಯೂಲ್ ಜುಪಿಟರ್-ಮ್ಯಾಟ್‌ಪ್ಲಾಟ್‌ಲಿಬ್".

`%ಮ್ಯಾಟ್‌ಪ್ಲಾಟ್‌ಲಿಬ್ ನೋಟ್‌ಬುಕ್` ಹಾಕಿದರೆ: "ಜಾವಾಸ್ಕ್ರಿಪ್ಟ್ ಎರರ್: ಐಪೈಥಾನ್ ಈಸ್ ನಾಟ್ ಡಿಫೈನ್ಡ್".

ಹಳೆಯ ಒಂದು ಬರಹ ನೋಡಿ `ಜುಪಿಟರ್ ಲ್ಯಾಬ್‌ಎಕ್ಸ್‌ಟೆನ್ಶನ್ ಇನ್‌ಸ್ಟಾಲ್` ಪ್ರಯತ್ನಿಸಿದೆ. ನೋಡ್‌ಜೆಎಸ್ (ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಬೇಕು ಅಂತು. ಕೊನೆಗೆ ಕೈಲಾಗದೆ `ಪಿಪ್ ಇನ್‌ಸ್ಟಾಲ್ -ಯು ಐಪೈವಿಜೆಟ್ಸ್` ಕೂಡ ಕೊಟ್ಟಿದ್ದೇನೆ (ವಿಜೆಟ್‌ಗಳ ಪ್ಯಾಕೇಜನ್ನು ಹೊಸ ಆವೃತ್ತಿಗೆ ಏರಿಸುವುದು). ಏನೂ ಬದಲಾಗಲಿಲ್ಲ. ಎಲ್ಲಿ ತಪ್ಪಿದೆ?

ಕರ್ನಲ್_ಕಟ್ಟೆ

ಇನ್‌ಸ್ಟಾಲ್ ಸರಿಯಾಗಿಯೇ ಆಗಿದೆ. ಅರ್ಧ ಮಾತ್ರ ಸಿಗುತ್ತಿದೆ.

ಐಪಿವೈಎಂಪಿಎಲ್ ಅನ್ನುವುದು ಒಂದೇ ಪ್ಯಾಕೇಜ್ ಆದರೂ ಒಳಗೆ ಎರಡು ತುಂಡು. ಒಂದು ಪೈಥಾನ್ ತುಂಡು, ಕರ್ನಲ್‌ನಲ್ಲಿ (ನೋಟ್‌ಬುಕ್ಕಿನ ಕೋಡ್ ಓಡಿಸುವ ಪ್ರಕ್ರಿಯೆ) ಓಡುತ್ತದೆ. ಇನ್ನೊಂದು ಜಾವಾಸ್ಕ್ರಿಪ್ಟ್ ತುಂಡು, ಹೆಸರು ಜುಪಿಟರ್-ಮ್ಯಾಟ್‌ಪ್ಲಾಟ್‌ಲಿಬ್. ಅದನ್ನು ಲ್ಯಾಬ್ ಸರ್ವರ್ ಹುಡುಕಿ ಬ್ರೌಸರಿಗೆ ಕೊಡಬೇಕು. ನಿಮ್ಮ ಎರರ್ ಓದಿ: ಎಂಪಿಎಲ್‌ಕ್ಯಾನ್ವಾಸ್‌ಮಾಡೆಲ್ ಬೇಕು ಅಂತ ಕರ್ನಲ್ ಕೇಳಿದೆ, ಅಂದರೆ ಪೈಥಾನ್ ತುಂಡು ಇದೆ. ಪುಟಕ್ಕೆ ಆ ಹೆಸರೇ ಗೊತ್ತಿಲ್ಲ, ಅಂದರೆ ಎರಡನೇ ತುಂಡು ಸರ್ವರಿನ ಕಣ್ಣಿಗೆ ಬಿದ್ದಿಲ್ಲ.

ಯಾಕೆ ಬಿದ್ದಿಲ್ಲ? ಪ್ರೋಗ್ರಾಮ್ ಫೈಲ್ಸ್‌ಗೆ ಬರೆಯಲು ಹಕ್ಕಿಲ್ಲದ ಕಾರಣ ಪಿಪ್ ತಾನಾಗಿಯೇ ನಿಮ್ಮ ಖಾತೆಯ ಜಾಗಕ್ಕೆ ಹಾಕಿದೆ. ವಿಂಡೋಸಿನಲ್ಲಿ ಆ ಜಾಗ ಹೀಗಿರುತ್ತದೆ:

ಪೈಥಾನ್ ಕೋಡ್: `%ಆಪ್‌ಡೇಟಾ%\ಪೈಥಾನ್\ಪೈಥಾನ್39\ಸೈಟ್-ಪ್ಯಾಕೇಜಸ್`
ಜಾವಾಸ್ಕ್ರಿಪ್ಟ್: `%ಆಪ್‌ಡೇಟಾ%\ಪೈಥಾನ್\ಶೇರ್\ಜುಪಿಟರ್\ಲ್ಯಾಬ್‌ಎಕ್ಸ್‌ಟೆನ್ಶನ್ಸ್`

ಜುಪಿಟರ್ ತನ್ನದೇ ಆದ ಬಳಕೆದಾರ ಫೋಲ್ಡರ್ ಎಂದು ನೋಡುವುದು `%ಆಪ್‌ಡೇಟಾ%\ಜುಪಿಟರ್`. ಎರಡೂ ಬೇರೆ ಬೇರೆ. ಜುಪಿಟರ್ ಕೋರ್‌ನ (ಇಂಥ ದಾರಿಗಳನ್ನು ನಿರ್ಧರಿಸುವ ಪ್ಯಾಕೇಜ್) ಈಚಿನ ಆವೃತ್ತಿಗಳು ಪಿಪ್‌ನ ಬಳಕೆದಾರ ಜಾಗವನ್ನೂ ಹುಡುಕುತ್ತವೆ, ಲ್ಯಾಬ್ 3.2ರ ಜೊತೆ ಬಂದ ಹಳೆಯದು ಹುಡುಕದೇ ಇರಬಹುದು. ಲಿನಕ್ಸಿನಲ್ಲಿ ಎರಡೂ `~/.ಲೋಕಲ್/ಶೇರ್/ಜುಪಿಟರ್` ಆಗಿರುವುದರಿಂದ ಈ ತೊಂದರೆ ಕಾಣಿಸಿಕೊಳ್ಳುವುದಿಲ್ಲ. ಹಾಗಾಗಿಯೇ "ನನ್ನ ಉಬುಂಟುವಿನಲ್ಲಿ ಸರಿಯಾಗಿ ಓಡುತ್ತದಲ್ಲ" ಎಂಬ ಉತ್ತರಗಳಿಂದ ನಿಮಗೆ ಉಪಯೋಗವಿಲ್ಲ.

ಮೊದಲು ಖಚಿತಪಡಿಸಿಕೊಳ್ಳಿ:

`ಪೈಥಾನ್ -ಎಂ ಜುಪಿಟರ್ --ಪಾತ್ಸ್`

"ಡೇಟಾ" ಎಂಬ ಪಟ್ಟಿಯಲ್ಲಿ ಮೇಲಿನ ಶೇರ್\ಜುಪಿಟರ್ ದಾರಿ ಇಲ್ಲದಿದ್ದರೆ ಕಾರಣ ಇದೇ. ಸರಿಪಡಿಸಲು ಅಡ್ಮಿನ್ ಬೇಡ:

`ಸೆಟ್ಎಕ್ಸ್ ಜುಪಿಟರ್_ಪಾತ್ "%ಆಪ್‌ಡೇಟಾ%\ಪೈಥಾನ್\ಶೇರ್\ಜುಪಿಟರ್"`

ವೇರಿಯೇಬಲ್ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯುವುದು ರೂಢಿ. ಈ ಕಮಾಂಡ್ ಕೊಟ್ಟ ಕಿಟಕಿಗೆ ಅದರ ಪರಿಣಾಮ ಇರುವುದಿಲ್ಲ, ಹೊಸದಾಗಿ ತೆರೆದ ಕಿಟಕಿಗೆ ಮಾತ್ರ. ಆದ್ದರಿಂದ ಲ್ಯಾಬ್ ಪೂರ್ತಿ ನಿಲ್ಲಿಸಿ, ಹೊಸ ಕಮಾಂಡ್ ಕಿಟಕಿ ತೆರೆದು ಮತ್ತೆ ಶುರು ಮಾಡಿ. ಆಮೇಲೆ:

`ಪೈಥಾನ್ -ಎಂ ಜುಪಿಟರ್ ಲ್ಯಾಬ್‌ಎಕ್ಸ್‌ಟೆನ್ಶನ್ ಲಿಸ್ಟ್`

ಇಲ್ಲಿ ಎರಡು ಹೆಸರು ಇರಲೇಬೇಕು, ಎರಡರ ಮುಂದೆಯೂ "ಎನೇಬಲ್ಡ್ ಓಕೆ" ಇರಬೇಕು. ಒಂದು ಜುಪಿಟರ್-ಮ್ಯಾಟ್‌ಪ್ಲಾಟ್‌ಲಿಬ್, ಐಪಿವೈಎಂಪಿಎಲ್ 0.9 ಸಾಲಿಗೆ ಇದರ ಅಂಕಿ 0.11 ಆಗಿರುತ್ತದೆ, ವ್ಯತ್ಯಾಸ ನೋಡಿ ಗಾಬರಿಯಾಗಬೇಡಿ. ಇನ್ನೊಂದು ಜುಪಿಟರ್‌ಲ್ಯಾಬ್-ಮ್ಯಾನೇಜರ್, ವಿಜೆಟ್‌ಗಳನ್ನು ಪುಟದಲ್ಲಿ ತೋರಿಸುವ ತುಂಡು.

ಈ ಮ್ಯಾನೇಜರ್ ವಿಷಯದಲ್ಲಿ ನೀವು ಇನ್ನೊಂದು ಗಂಟು ಹಾಕಿಕೊಂಡಿದ್ದೀರಿ. ಐಪೈವಿಜೆಟ್ಸ್ 7 ಇದ್ದರೆ ಪುಟದಲ್ಲಿ ಮ್ಯಾನೇಜರ್ 3 ಬೇಕು, ಐಪೈವಿಜೆಟ್ಸ್ 8 ಇದ್ದರೆ ಮ್ಯಾನೇಜರ್ 5. ಪ್ರೋಗ್ರಾಮ್ ಫೈಲ್ಸಿನಲ್ಲಿ ಬಹುಶಃ 7 ಇತ್ತು, ನೀವು -ಯು ಕೊಟ್ಟು ನಿಮ್ಮ ಖಾತೆಗೆ 8 ತಂದಿರಿ. ಈಗ ಕರ್ನಲ್ 8 ಮಾತಾಡುತ್ತದೆ, ಪುಟ ಇನ್ನೂ 3ರಲ್ಲೇ ಇದೆ. ಮೇಲಿನ ದಾರಿ ಸೇರಿಸಿದರೆ ಇದೂ ಸರಿಹೋಗುತ್ತದೆ, ಏಕೆಂದರೆ ಜುಪಿಟರ್_ಪಾತ್‌ನಲ್ಲಿರುವುದನ್ನು ಲ್ಯಾಬ್ ಎಲ್ಲಕ್ಕಿಂತ ಮೊದಲು ಓದುತ್ತದೆ. ಪಟ್ಟಿಯಲ್ಲಿ 5 ಕಂಡರೆ ಮುಗಿಯಿತು.

ಉಳಿದ ಎರಡಕ್ಕೆ ಚುಟುಕಾಗಿ: `%ಮ್ಯಾಟ್‌ಪ್ಲಾಟ್‌ಲಿಬ್ ನೋಟ್‌ಬುಕ್` ಹಳೆಯ ಕ್ಲಾಸಿಕ್ ನೋಟ್‌ಬುಕ್ಕಿಗೆ ಸೇರಿದ್ದು, ಲ್ಯಾಬಿನಲ್ಲಿ ಓಡುವುದಿಲ್ಲ. ಲ್ಯಾಬ್‌ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಎಂಬುದು ಲ್ಯಾಬ್ 2ರ ಕಾಲದ ಕ್ರಮ. ಅದು ನೋಡ್‌ಜೆಎಸ್ ಬಳಸಿ ಇಡೀ ಲ್ಯಾಬನ್ನು ಮತ್ತೆ ಕಟ್ಟುತ್ತದೆ, ಕಟ್ಟಿದ್ದನ್ನು ಪ್ರೋಗ್ರಾಮ್ ಫೈಲ್ಸಿಗೇ ಬರೆಯಲು ಹೋಗುತ್ತದೆ. 3.0ರಿಂದ ಎಕ್ಸ್‌ಟೆನ್ಶನ್‌ಗಳು ಮೊದಲೇ ಕಟ್ಟಿಕೊಂಡು ಪಿಪ್ ಪ್ಯಾಕೇಜಿನೊಳಗೇ ಬರುತ್ತವೆ. ನೋಡ್‌ಜೆಎಸ್ ಕೇಳುವ ಸಲಹೆ ಕಂಡರೆ ಅದು ಹಳೆಯದು ಅಂತ ತಿಳಿದು ಮುಂದಕ್ಕೆ ಹೋಗಿ.

ನೇರಗೆರೆ

ಇಷ್ಟೆಲ್ಲ ಯಾಕ್ರೀ? ಒಂದು ವೆಂವ್ (ಪೈಥಾನಿನ ಪ್ರತ್ಯೇಕ ಪರಿಸರ) ಮಾಡಿ, ಅದರೊಳಗೇ ಲ್ಯಾಬ್ ಮತ್ತು ಐಪಿವೈಎಂಪಿಎಲ್ ಎರಡನ್ನೂ ಹಾಕಿದರೆ ಕರ್ನಲ್ಲು, ಸರ್ವರ್ರು ಒಂದೇ ಕಡೆ ಇರುತ್ತವೆ. ದಾರಿ ಹುಡುಕುವ ಪ್ರಶ್ನೆಯೇ ಬರಲ್ಲ.

`ಪೈಥಾನ್ -ಎಂ ವೆಂವ್ ಡಿ:\ಗ್ರಾಫ್`
`ಡಿ:\ಗ್ರಾಫ್\ಸ್ಕ್ರಿಪ್ಟ್ಸ್\ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಜುಪಿಟರ್‌ಲ್ಯಾಬ್ ಐಪಿವೈಎಂಪಿಎಲ್`
`ಡಿ:\ಗ್ರಾಫ್\ಸ್ಕ್ರಿಪ್ಟ್ಸ್\ಪೈಥಾನ್ -ಎಂ ಜುಪಿಟರ್‌ಲ್ಯಾಬ್`

ಮೂರೇ ಸಾಲು. ಹಳೆಯ ಲ್ಯಾಬ್ 3.2 ಇಟ್ಟುಕೊಂಡು ಯಾರಿಗೇನು ಸಿಗಬೇಕು?

ಎಕ್ಸ್‌ಟೆನ್ಶನ್ನೇ ಬೇಡ ಅಂದರೆ ಇನ್ನೂ ಸುಲಭ: `%ಮ್ಯಾಟ್‌ಪ್ಲಾಟ್‌ಲಿಬ್ ಟಿಕೆ`. ಗ್ರಾಫ್ ಬೇರೆ ಕಿಟಕಿಯಲ್ಲಿ ತೆರೆಯುತ್ತದೆ, ಹಿಗ್ಗಿಸಲು, ಸರಿಸಲು ಗುಂಡಿಗಳಿವೆ. ಇದಕ್ಕೆ ಬೇಕಾದ ಟಿಕಿಂಟರ್ ಪೈಥಾನ್ ಜೊತೆಗೇ ಬಂದಿರುತ್ತದೆ. ಕರ್ನಲ್ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತಿರಬೇಕು ಅಷ್ಟೇ. ದೂರದ ಸರ್ವರ್ ಆದರೆ ಕಿಟಕಿ ತೆರೆಯಲು ಅಲ್ಲಿ ಪರದೆಯೇ ಇರಲ್ಲ.

ಬೀಗದಕೈ

ನೇರಗೆರೆಯವರ ವೆಂವ್ ಸಲಹೆ ಮೊದಲ ಆಯ್ಕೆಯಾಗಬೇಕಾದ್ದೇ, ಆದರೆ ಬೀಗ ಹಾಕಿದ ವಿಂಡೋಸಿನಲ್ಲಿ ಅದು ಮೊದಲ ಸಾಲಿನಲ್ಲೇ ಮುಗ್ಗರಿಸಬಹುದು. ಆಪ್‌ಲಾಕರ್ (ಯಾವ ಪ್ರೋಗ್ರಾಮ್ ಓಡಬಹುದು ಎಂದು ನಿಯಂತ್ರಿಸುವ ವಿಂಡೋಸ್ ಸೌಲಭ್ಯ) ಇದ್ದರೆ ಅದರ ಮೂಲ ನಿಯಮದಂತೆ ಸಾಮಾನ್ಯ ಬಳಕೆದಾರರು ವಿಂಡೋಸ್ ಮತ್ತು ಪ್ರೋಗ್ರಾಮ್ ಫೈಲ್ಸ್ ಫೋಲ್ಡರುಗಳ ಇಎಕ್ಸ್‌ಇ ಮಾತ್ರ ಓಡಿಸಬಹುದು. ವೆಂವ್ ತನ್ನದೇ ಒಂದು ಪೈಥಾನ್ ಇಎಕ್ಸ್‌ಇ ಡಿ ಡ್ರೈವಿನಲ್ಲಿ ಇಡುತ್ತದೆ, ಅದನ್ನು ಓಡಿಸಿದರೆ "ಬ್ಲಾಕ್ಡ್ ಬೈ ಗ್ರೂಪ್ ಪಾಲಿಸಿ". ಮೈಕ್ರೊಮಾಂಬಾ, ವಿನ್‌ಪೈಥಾನ್ (ಅಡ್ಮಿನ್ ಇಲ್ಲದೆ ಪೈಥಾನ್ ಹಾಕುವ ದಾರಿಗಳು) ಅಂತ ಯಾರಾದರೂ ಹೇಳಿದರೆ ಅವಕ್ಕೂ ಇದೇ ಗತಿ, ಅವೂ ಬಳಕೆದಾರರ ಫೋಲ್ಡರಿನ ಇಎಕ್ಸ್‌ಇಗಳೇ. ಪಿಪ್‌ನ ಬಳಕೆದಾರ ಜಾಗದಲ್ಲಿ ಹುಟ್ಟುವ ಜುಪಿಟರ್ ಇಎಕ್ಸ್‌ಇ ಕೂಡ ಓಡದು. ಕರ್ನಲ್_ಕಟ್ಟೆಯವರು ಎಲ್ಲ ಕಡೆ `ಪೈಥಾನ್ -ಎಂ` ಬರೆದದ್ದರ ಲಾಭ ಇಲ್ಲೇ: ಓಡುವುದು ಪ್ರೋಗ್ರಾಮ್ ಫೈಲ್ಸಿನ ಪೈಥಾನ್, ಅದು ಓದುವುದು ಮಾತ್ರ ನಿಮ್ಮ ಫೋಲ್ಡರನ್ನು.

ಐಪಿವೈಎಂಪಿಎಲ್ ಶುದ್ಧ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್, ಕಂಪೈಲ್ ಆದ ತುಂಡಿಲ್ಲ. ಆದರೆ ನಂಪೈ, ಪಿಲ್ಲೋ, ಮ್ಯಾಟ್‌ಪ್ಲಾಟ್‌ಲಿಬ್ ಮೂರರಲ್ಲೂ ಪಿವೈಡಿ (ಡಿಎಲ್‌ಎಲ್ ಥರದ, ಕಂಪೈಲ್ ಆದ) ಫೈಲುಗಳಿವೆ. ಡಿಎಲ್‌ಎಲ್ ನಿಯಮವೂ ಜಾರಿಯಲ್ಲಿದ್ದರೆ "ಡಿಎಲ್‌ಎಲ್ ಲೋಡ್ ಫೇಲ್ಡ್" ಬರುತ್ತದೆ. ಹಾಗಾಗಿ ಆ ಮೂರನ್ನು ಪ್ರೋಗ್ರಾಮ್ ಫೈಲ್ಸಿನದ್ದೇ ಬಳಸಿ, ಹೊಸದು ತರಬೇಡಿ. ಪಿಪ್ ಏನೇನು ತರಲಿದೆ ಎಂದು ಮೊದಲೇ ನೋಡಲು:

`ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ಯೂಸರ್ --ಡ್ರೈ-ರನ್ ಐಪಿವೈಎಂಪಿಎಲ್`

ಇದಕ್ಕೆ ಪಿಪ್ 22.2 ಅಥವಾ ಮೇಲಿನದು ಬೇಕು. ಪಟ್ಟಿಯಲ್ಲಿ ನಂಪೈ ಕಂಡರೆ ನಿಲ್ಲಿಸಿ, ಹಳೆಯ ಐಪಿವೈಎಂಪಿಎಲ್ ಆವೃತ್ತಿಯೊಂದನ್ನು ಅಂಕಿ ಕೊಟ್ಟು ಕೇಳಿ. ಬಳಕೆದಾರ ಜಾಗದ ಪ್ಯಾಕೇಜು ಪ್ರೋಗ್ರಾಮ್ ಫೈಲ್ಸಿನದಕ್ಕಿಂತ ಮೊದಲು ಲೋಡ್ ಆಗುತ್ತದೆ. ಒಂದು ನಂಪೈ ಅಲ್ಲಿ ಕೂತರೆ ಪಾಂಡಾಸ್, ಸೈಪೈ ಎಲ್ಲವೂ ಅದನ್ನೇ ಹಿಡಿಯುತ್ತವೆ. ಒಂದು ತಿಂಗಳ ನಂತರ ಯಾವುದೋ ಸಂಬಂಧವಿಲ್ಲದ ನೋಟ್‌ಬುಕ್ ಮುರಿದಾಗ ಕಾರಣ ನೆನಪಾಗದು. `ಪೈಥಾನ್ -ಎಂ ಪಿಪ್ ಲಿಸ್ಟ್ --ಯೂಸರ್` ಕೊಟ್ಟರೆ ನಿಮ್ಮ ಜಾಗದಲ್ಲಿರುವುದಷ್ಟೇ ಕಾಣುತ್ತದೆ.

ಇನ್ನು ದಾರಿಯ ಉದ್ದ. ಎಕ್ಸ್‌ಟೆನ್ಶನ್ ಫೈಲುಗಳ ಹೆಸರಲ್ಲಿ ಉದ್ದುದ್ದ ಹ್ಯಾಶ್ ಇರುತ್ತದೆ. ಬಳಕೆದಾರರ ಹೆಸರೂ ಉದ್ದವಿದ್ದರೆ ವಿಂಡೋಸಿನ 260 ಅಕ್ಷರದ ಮಿತಿ ದಾಟಿ, ಇರುವ ಫೈಲನ್ನೇ "ನೋ ಸಚ್ ಫೈಲ್" ಅನ್ನುತ್ತದೆ. ಮಿತಿ ತೆಗೆಯಲು ಅಡ್ಮಿನ್ ಬೇಕು. ಅದರ ಬದಲು ಪೈಥಾನ್‌ಯೂಸರ್‌ಬೇಸ್ ಎಂಬ ವೇರಿಯೇಬಲ್‌ಗೆ `ಡಿ:\ಪಿ` ಅಂತ ಚಿಕ್ಕ ದಾರಿ ಕೊಟ್ಟು ಮತ್ತೆ ಇನ್‌ಸ್ಟಾಲ್ ಮಾಡಿ. ಹಾಗೆ ಮಾಡಿದರೆ ಜುಪಿಟರ್_ಪಾತ್ ಕೂಡ `ಡಿ:\ಪಿ\ಶೇರ್\ಜುಪಿಟರ್` ಆಗಬೇಕು. ಇದನ್ನು ಮರೆಯುವವರೇ ಹೆಚ್ಚು.

ಒಂದು ಮಾತು: ಪಾಲಿಸಿ ತಡೆದದ್ದನ್ನು ಹೆಸರು ಬದಲಿಸಿ, ಫೈಲ್ ಸರಿಸಿ ಓಡಿಸುವ ಉಪಾಯಗಳು ಸಿಗುತ್ತವೆ. ಅವು ಬೇಡ. ಬಳಕೆದಾರರ ಫೋಲ್ಡರಿನಲ್ಲಿ ಪೈಥಾನ್ ಪ್ಯಾಕೇಜ್ ಇಡುವುದು ಬೇರೆ, ಬೀಗ ಮುರಿಯುವುದು ಬೇರೆ. ಐಟಿಯವರಿಗೆ "ಐಪಿವೈಎಂಪಿಎಲ್, ಜುಪಿಟರ್‌ಲ್ಯಾಬ್_ವಿಜೆಟ್ಸ್ ಈ ಎರಡನ್ನು ಪ್ರೋಗ್ರಾಮ್ ಫೈಲ್ಸಿನ ಪೈಥಾನಿಗೆ ಹಾಕಿಕೊಡಿ" ಅಂತ ಪ್ಯಾಕೇಜಿನ ಹೆಸರು, ಆವೃತ್ತಿ ಸಮೇತ ಬರೆದರೆ ಅವರೂ ಮಾಡಿಕೊಡುತ್ತಾರೆ. "ಗ್ರಾಫ್ ಬರುತ್ತಿಲ್ಲ" ಅಂತಷ್ಟೇ ಬರೆದರೆ ಆ ಟಿಕೆಟ್ ಅಲ್ಲೇ ಕೊಳೆಯುತ್ತದೆ.

ಚುಕ್ಕಿಗೆರೆ

ವೆಂವ್ ಬೀಗದಕೈ ಅವರು ಹೇಳಿದ ಹಾಗೇ ಬ್ಲಾಕ್ ಆಯಿತು. ಜುಪಿಟರ್_ಪಾತ್ ಹಾಕಿದ ಮೇಲೆ ಲಿಸ್ಟಿನಲ್ಲಿ ಎರಡೂ ಓಕೆ, ಮ್ಯಾನೇಜರ್ 5 ಬಂದಿದೆ. ಹೊಸ ನೋಟ್‌ಬುಕ್ಕಿನಲ್ಲಿ ಗ್ರಾಫ್ ಬಂತು. ಹಳೆಯ ನೋಟ್‌ಬುಕ್ಕಿನಲ್ಲಿ ಮಾತ್ರ ಇನ್ನೂ "ಎರರ್ ಡಿಸ್‌ಪ್ಲೇಯಿಂಗ್ ವಿಜೆಟ್: ಮಾಡೆಲ್ ನಾಟ್ ಫೌಂಡ್".

ಇನ್ನೆರಡು ಪ್ರಶ್ನೆ. ಒಂದು, ಸಹೋದ್ಯೋಗಿಯೊಬ್ಬರ ಕಂಪ್ಯೂಟರಿನಲ್ಲಿ ಪಿಪ್ ಹೊರಗೆ ಹೋಗುವುದೇ ಇಲ್ಲ, "ಸರ್ಟಿಫಿಕೇಟ್ ವೆರಿಫೈ ಫೇಲ್ಡ್". ಎರಡು, ನಮ್ಮಲ್ಲೊಂದು ಲಿನಕ್ಸ್ ಜುಪಿಟರ್‌ಹಬ್ (ಹಲವರು ಹಂಚಿಕೊಳ್ಳುವ ಜುಪಿಟರ್ ಸರ್ವರ್) ಇದೆ. ಅಲ್ಲಿ ನನ್ನದೇ ವೆಂವ್ ಮಾಡಿ ಕರ್ನಲ್ ಸೇರಿಸಿದ್ದೇನೆ, ಅಲ್ಲೂ ಅದೇ ಎಂಪಿಎಲ್‌ಕ್ಯಾನ್ವಾಸ್‌ಮಾಡೆಲ್ ಎರರ್.

ಕರ್ನಲ್_ಕಟ್ಟೆ

ಹಳೆಯ ನೋಟ್‌ಬುಕ್ಕಿನಲ್ಲಿ ಕಾಣುತ್ತಿರುವುದು ಉಳಿದುಹೋದ ಹಳೆಯ ಔಟ್‌ಪುಟ್. ಅದು ಹುಡುಕುತ್ತಿರುವ ಮಾಡೆಲ್ ಹಿಂದಿನ ಕರ್ನಲ್ ಜೊತೆಗೇ ಹೋಯಿತು. ಎಲ್ಲ ಔಟ್‌ಪುಟ್ ಅಳಿಸಿ, ಕರ್ನಲ್ ರೀಸ್ಟಾರ್ಟ್ ಮಾಡಿ, ಕಂಟ್ರೋಲ್-ಶಿಫ್ಟ್-ಆರ್ ಒತ್ತಿ ಪುಟ ಹೊಸದಾಗಿ ತೆರೆಯಿರಿ.

ಹಬ್‌ನಲ್ಲಿ ಆಗಿರುವುದು ಮೊದಲಿನ ಕಥೆಯೇ, ವೇಷ ಬೇರೆ. ಲ್ಯಾಬ್ ಸರ್ವರ್ ಓಡುತ್ತಿರುವುದು ಹಬ್‌ನ ಪರಿಸರದಿಂದ, ಕರ್ನಲ್ ನಿಮ್ಮ ವೆಂವ್‌ನಿಂದ. ನಿಮ್ಮ ವೆಂವ್‌ನ ಶೇರ್ ಫೋಲ್ಡರನ್ನು ಸರ್ವರ್ ಎಂದೂ ತೆರೆದು ನೋಡುವುದಿಲ್ಲ. ಆದರೆ ನಿಮ್ಮ ಮನೆ ಫೋಲ್ಡರಿನ `~/.ಲೋಕಲ್/ಶೇರ್/ಜುಪಿಟರ್/ಲ್ಯಾಬ್‌ಎಕ್ಸ್‌ಟೆನ್ಶನ್ಸ್` ನೋಡುತ್ತದೆ. ಅಲ್ಲಿಗೆ ನಕಲು ಮಾಡಿದರೆ ಸಾಕು:

`ಎಂಕೆಡಿಐಆರ್ -ಪಿ ~/.ಲೋಕಲ್/ಶೇರ್/ಜುಪಿಟರ್/ಲ್ಯಾಬ್‌ಎಕ್ಸ್‌ಟೆನ್ಶನ್ಸ್`
`ಸಿಪಿ -ಆರ್ ~/ಗ್ರಾಫ್/ಶೇರ್/ಜುಪಿಟರ್/ಲ್ಯಾಬ್‌ಎಕ್ಸ್‌ಟೆನ್ಶನ್ಸ್/ಜುಪಿಟರ್-ಮ್ಯಾಟ್‌ಪ್ಲಾಟ್‌ಲಿಬ್ ~/.ಲೋಕಲ್/ಶೇರ್/ಜುಪಿಟರ್/ಲ್ಯಾಬ್‌ಎಕ್ಸ್‌ಟೆನ್ಶನ್ಸ್/`

ಹಬ್‌ನಲ್ಲಿ ವಿಜೆಟ್ ಮ್ಯಾನೇಜರ್ ಇಲ್ಲದಿದ್ದರೆ ಅಥವಾ ಅಂಕಿ ಹೊಂದದಿದ್ದರೆ ಪಕ್ಕದ `@ಜುಪಿಟರ್-ವಿಜೆಟ್ಸ್` ಫೋಲ್ಡರನ್ನೂ ಹಾಗೇ ತನ್ನಿ. ಹಬ್ ಕಂಟ್ರೋಲ್ ಪುಟದಿಂದ ನಿಮ್ಮ ಸರ್ವರ್ ನಿಲ್ಲಿಸಿ ಶುರು ಮಾಡಿ. ಮುಂದೆ ವೆಂವ್‌ನಲ್ಲಿ ಐಪಿವೈಎಂಪಿಎಲ್ ಅಪ್‌ಗ್ರೇಡ್ ಮಾಡಿದಾಗಲೆಲ್ಲ ಈ ನಕಲನ್ನೂ ಹೊಸದು ಮಾಡಬೇಕು. ಇಲ್ಲದಿದ್ದರೆ ಎರಡು ತುಂಡುಗಳ ಅಂಕಿ ಮತ್ತೆ ಜಗಳಕ್ಕೆ ಬೀಳುತ್ತವೆ. ಪಟ್ಟಿಯಲ್ಲಿ "ಡಿಸೇಬಲ್ಡ್" ಅಂತ ಕಂಡರೆ ಹಬ್ ನಡೆಸುವವರೇ ತಡೆದಿರುವ ಸಾಧ್ಯತೆ ಇದೆ, ಆಗ ಅವರನ್ನೇ ಕೇಳಿ.

ಲಿನಕ್ಸಿನಲ್ಲಿ ಇನ್ನೊಂದು ಎರರ್ ಎದುರಾಗಬಹುದು: "ಫೇಲ್ಡ್ ಟು ಮ್ಯಾಪ್ ಸೆಗ್‌ಮೆಂಟ್ ಫ್ರಂ ಶೇರ್ಡ್ ಆಬ್ಜೆಕ್ಟ್". ಆ ಡಿಸ್ಕನ್ನು ನೋಎಕ್ಸೆಕ್ (ಅಲ್ಲಿಂದ ಪ್ರೋಗ್ರಾಮ್ ಓಡಿಸಲಾಗದ ಹಾಗೆ) ಅಂತ ಮೌಂಟ್ ಮಾಡಿದ್ದಾರೆ ಅಂತ ಅರ್ಥ. ಅಂಥ ಕಡೆ ವೆಂವ್ ಇಟ್ಟರೆ ನಂಪೈ ಇಂಪೋರ್ಟ್ ಆಗುವುದೇ ಇಲ್ಲ. ಎಕ್ಸಿಕ್ಯೂಟ್ ಬಿಟ್ಟಿರುವ ಬೇರೆ ಡಿಸ್ಕಿಗೆ ಸರಿಸಬೇಕು.

ಬೀಗದಕೈ

ಸರ್ಟಿಫಿಕೇಟ್ ಬಗ್ಗೆ. ಕಚೇರಿಯ ಪ್ರಾಕ್ಸಿ (ಹೊರಗಿನ ಸಂಪರ್ಕ ಹಾದುಹೋಗುವ ಸರ್ವರ್) ಎಚ್‌ಟಿಟಿಪಿಎಸ್ ಸಂಪರ್ಕವನ್ನು ಬಿಚ್ಚಿ ನೋಡಿ ತನ್ನ ಸರ್ಟಿಫಿಕೇಟ್ ಅಂಟಿಸಿ ಕಳಿಸುತ್ತದೆ. ಬ್ರೌಸರ್ ಅದನ್ನು ನಂಬುತ್ತದೆ, ವಿಂಡೋಸಿನ ಭಂಡಾರದಲ್ಲಿ ಅದು ಇರುವುದರಿಂದ. ಪಿಪ್ ತನ್ನ ಸ್ವಂತ ಪಟ್ಟಿ ನೋಡುತ್ತದೆ. ಪಿಪ್ 24.2ರಿಂದ ಸಿಸ್ಟಂ ಭಂಡಾರವನ್ನೇ ನೋಡುತ್ತದಾದರೂ ಪೈಥಾನ್ 3.10 ಅಥವಾ ಮೇಲಿನದು ಇದ್ದರೆ ಮಾತ್ರ. 3.9ರಲ್ಲಿ ಕೈಯಾರೆ ಮಾಡಬೇಕು: ಸ್ಟಾರ್ಟ್‌ನಲ್ಲಿ `ಸರ್ಟ್‌ಎಂಜಿಆರ್.ಎಂಎಸ್‌ಸಿ` ತೆರೆದು, ಟ್ರಸ್ಟೆಡ್ ರೂಟ್ ಒಳಗಿರುವ ಸಂಸ್ಥೆಯ ರೂಟ್ ಸರ್ಟಿಫಿಕೇಟನ್ನು ಬೇಸ್-64 ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ

`ಪೈಥಾನ್ -ಎಂ ಪಿಪ್ ಕಾನ್ಫಿಗ್ ಸೆಟ್ ಗ್ಲೋಬಲ್.ಸರ್ಟ್ ಡಿ:\ರೂಟ್.ಸಿಇಆರ್`

ಹೆಸರಲ್ಲಿ ಗ್ಲೋಬಲ್ ಇದ್ದರೂ ಇದು ಬರೆಯುವುದು ನಿಮ್ಮ ಖಾತೆಯ ಪಿಪ್.ಐಎನ್‌ಐ ಫೈಲಿಗೆ, ಅಡ್ಮಿನ್ ಬೇಡ. ಟ್ರಸ್ಟೆಡ್-ಹೋಸ್ಟ್ ಹಾಕಿ ಪರೀಕ್ಷೆಯನ್ನೇ ಬಿಟ್ಟುಬಿಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಕೆಲಸವೇನೋ ಆಗುತ್ತದೆ, ಆದರೆ ಏನು ಇಳಿಯುತ್ತಿದೆ ಎಂಬ ಖಾತರಿ ಹೋಗುತ್ತದೆ. ಪ್ರಾಕ್ಸಿ ಪಾಸ್‌ವರ್ಡಿನಲ್ಲಿ @ ಇದ್ದರೆ ವಿಳಾಸದಲ್ಲಿ ಅದನ್ನು %40 ಅಂತ ಬರೆಯಬೇಕು.

ಹೊರಗಿನ ಸಂಪರ್ಕವೇ ಇಲ್ಲದಿದ್ದರೆ ನೆಟ್ ಇರುವ ಬೇರೆ ಕಂಪ್ಯೂಟರಿನಲ್ಲಿ:

`ಪಿಪ್ ಡೌನ್‌ಲೋಡ್ ಐಪಿವೈಎಂಪಿಎಲ್ -ಡಿ ಗಂಟು --ಓನ್ಲಿ-ಬೈನರಿ=:ಆಲ್: --ಪ್ಲಾಟ್‌ಫಾರ್ಮ್ ವಿನ್_ಎಎಂಡಿ64 --ಪೈಥಾನ್-ವರ್ಶನ್ 3.9`

ಗಂಟು ಫೋಲ್ಡರನ್ನು, ಐಟಿಯವರು ಒಪ್ಪಿದ ದಾರಿಯಲ್ಲೇ, ಇತ್ತ ತಂದು:

`ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ --ಯೂಸರ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಗಂಟು ಐಪಿವೈಎಂಪಿಎಲ್`

ಪ್ಲಾಟ್‌ಫಾರ್ಮ್, ವರ್ಶನ್ ಕೊಡದೆ ಇಳಿಸಿದರೆ ಆ ಕಂಪ್ಯೂಟರಿಗೆ ಹೊಂದುವ ವೀಲ್‌ಗಳು (ಪೈಥಾನ್ ಪ್ಯಾಕೇಜ್ ಫೈಲುಗಳು) ಬರುತ್ತವೆ, ಇಲ್ಲಿ "ನೋ ಮ್ಯಾಚಿಂಗ್ ಡಿಸ್ಟ್ರಿಬ್ಯೂಶನ್" ಅನ್ನುತ್ತದೆ.

ನೇರಗೆರೆ

ವೆಂವ್ ವಿಷಯ ಒಪ್ಪಿದೆ. ಎಕ್ಸ್‌ಟೆನ್ಶನ್ ಇಲ್ಲದ ದಾರಿಗಳನ್ನೂ (ಪ್ಲಾಟ್ಲಿ, ಬೋಕೆ ಎಂಬ ಬೇರೆ ಗ್ರಾಫ್ ಲೈಬ್ರರಿಗಳು) ಸೇರಿಸಿಬಿಡುತ್ತೇನೆ, ಸಹೋದ್ಯೋಗಿಗೆ ಬೇಕಾಗಬಹುದು.

ಪ್ಲಾಟ್ಲಿ: `ಪಿಐಒ.ರೆಂಡರರ್ಸ್.ಡಿಫಾಲ್ಟ್ = 'ಐಫ್ರೇಮ್'` ಅಂತ ಇಟ್ಟರೆ ಪ್ರತಿ ಗ್ರಾಫ್ ಬೇರೆ ಎಚ್‌ಟಿಎಂಎಲ್ ಆಗಿ ಐಫ್ರೇಮ್_ಫಿಗರ್ಸ್ ಫೋಲ್ಡರಿಗೆ ಹೋಗಿ ಅಲ್ಲಿಂದ ಕಾಣುತ್ತದೆ. `'ನೋಟ್‌ಬುಕ್_ಕನೆಕ್ಟೆಡ್'` ಬಳಸಬೇಡಿ. ಅದು ಸಿಡಿಎನ್‌ನಿಂದ (ಹೊರಗಿನ ಇಂಟರ್ನೆಟ್ ಸರ್ವರ್) ಜಾವಾಸ್ಕ್ರಿಪ್ಟ್ ಎಳೆಯುತ್ತದೆ. ಪ್ರಾಕ್ಸಿ ತಡೆದರೆ ಎರರ್ ಸಹ ಇಲ್ಲದೆ ಖಾಲಿ ಬಿಳಿ ಚೌಕ.

ಬೋಕೆ: ಅದೇ ಖಾಲಿ ಚೌಕದ ಕಾಯಿಲೆ. `ಬೋಕೆ.ರಿಸೋರ್ಸಸ್`‌ನಿಂದ ಇನ್‌ಲೈನ್ ಇಂಪೋರ್ಟ್ ಮಾಡಿ `ಔಟ್‌ಪುಟ್_ನೋಟ್‌ಬುಕ್(ಇನ್‌ಲೈನ್)` ಕೊಟ್ಟರೆ ಹೊರಗಿನಿಂದ ಏನೂ ಕೇಳುವುದಿಲ್ಲ. ಹಿಗ್ಗಿಸುವುದು, ಸರಿಸುವುದಕ್ಕೆ ಬೇರೆ ಎಕ್ಸ್‌ಟೆನ್ಶನ್ ಬೇಡ.

ಆದರೆ 2 ಲಕ್ಷ ಸಾಲಿಗೆ ಇವೆರಡೂ ಭಾರ, ಡೇಟಾ ಪೂರ್ತಿ ಬ್ರೌಸರಿಗೆ ಹೋಗುತ್ತದೆ. ಪ್ಲಾಟ್ಲಿಯಲ್ಲಿ ಸ್ಕ್ಯಾಟರ್ ಬದಲು ಸ್ಕ್ಯಾಟರ್‌ಜಿಎಲ್ ಬಳಸಿ, ಇಲ್ಲದಿದ್ದರೆ ಟ್ಯಾಬ್ ಉಸಿರುಗಟ್ಟುತ್ತದೆ.

ಕರ್ನಲ್_ಕಟ್ಟೆ

ಅದು ಸರಿ. ಐಪಿವೈಎಂಪಿಎಲ್‌ನಲ್ಲಿ ಕರ್ನಲ್ಲೇ ಚಿತ್ರ ಬಿಡಿಸಿ ಬ್ರೌಸರಿಗೆ ಬರೀ ಚಿತ್ರ ಕಳಿಸುತ್ತದೆ, ಹಾಗಾಗಿ ಈ ಡೇಟಾಕ್ಕೆ ಅದೇ ಹಗುರ. ಗೆರೆ ಬಹಳ ಉದ್ದವಾಗಿ "ಎಕ್ಸೀಡೆಡ್ ಸೆಲ್ ಬ್ಲಾಕ್ ಲಿಮಿಟ್" ಬಂದರೆ ಆರ್‌ಸಿಪ್ಯಾರಮ್ಸ್‌ನಲ್ಲಿ (ಮ್ಯಾಟ್‌ಪ್ಲಾಟ್‌ಲಿಬ್ ಸೆಟ್ಟಿಂಗ್‌ಗಳ ಪಟ್ಟಿ) `ಆಗ್.ಪಾತ್.ಚಂಕ್‌ಸೈಜ್` ಎಂಬುದನ್ನು 10000 ಮಾಡಿ. ಮೊದಲಿಗೆ ಅದು 0 ಇರುತ್ತದೆ. `ಪಿಎಲ್‌ಟಿ.ಸ್ಟೈಲ್.ಯೂಸ್('ಫಾಸ್ಟ್')` ಕೊಟ್ಟರೆ ಇದರ ಜೊತೆ ಗೆರೆ ಸರಳಗೊಳಿಸುವುದೂ ಸೇರಿ ಬರುತ್ತದೆ.

ಹೊಸ ಸೆಲ್‌ನಲ್ಲಿ `ಪಿಎಲ್‌ಟಿ.ಸಬ್‌ಪ್ಲಾಟ್ಸ್()` ಬರೆಯದೆ ನೇರ ಪ್ಲಾಟ್ ಮಾಡಿದರೆ ಗೆರೆ ಮೇಲಿನ ಹಳೆಯ ಗ್ರಾಫಿಗೇ ಹೋಗಿ ಸೇರುತ್ತದೆ, ಈ ಸೆಲ್ ಖಾಲಿ ಕಾಣುತ್ತದೆ. ಎಕ್ಸ್‌ಟೆನ್ಶನ್ ಮತ್ತೆ ಕೆಟ್ಟಿತು ಅಂದುಕೊಂಡು ಎಲ್ಲವನ್ನೂ ಅಳಿಸಿ ಮತ್ತೆ ಹಾಕಲು ಹೊರಡಬೇಡಿ, ಮೊದಲು ಪುಟ ಮೇಲಕ್ಕೆ ಸರಿಸಿ ನೋಡಿ. ಇನ್‌ಲೈನ್‌ನ ಹಾಗೆ ಇಲ್ಲಿ ಗ್ರಾಫ್ ತಾನಾಗಿ ಮುಚ್ಚುವುದಿಲ್ಲ. 20 ದಾಟಿದರೆ ಮ್ಯಾಟ್‌ಪ್ಲಾಟ್‌ಲಿಬ್ ಎಚ್ಚರಿಕೆ ಕೊಡುತ್ತದೆ. ಫೈಲುಗಳನ್ನು ಒಂದರ ಹಿಂದೆ ಒಂದು ನೋಡುವಾಗ ಪ್ರತಿ ಸೆಲ್ ಶುರುವಿನಲ್ಲಿ `ಪಿಎಲ್‌ಟಿ.ಕ್ಲೋಸ್('ಆಲ್')` ಇರಲಿ.